ಬೆಳಗಿನ ಶಾಲೆ, ಮಧ್ಯಾಹ್ನದ ಶಾಲೆ

ಆ ಮಳೆಗಾಲದಲ್ಲಿ ನನ್ನನ್ನು ಕಂಡವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು. ಯಾವುದು ಒಳ್ಳೇದು, ಸರ್ಕಾರಿ ಶಾಲೆಯೋ ಪ್ರೈವೇಟೋ? ಹಲಸೂರಿನ ನಮ್ಮ ಬೀದಿಯ ಹೂವಿನವಳು ಮೊಳ ಹಾಕುತ್ತಾ ಕೇಳಿದಳು. ಆಟೋದವನು ನನ್ನ ಕೊರಳಿನ ಗುರುತಿನ ಚೀಟಿಯನ್ನು ಕನ್ನಡಿಯಲ್ಲಿ ನೋಡಿ ಅರ್ಧ ತಮಿಳಲ್ಲಿ, ಅರ್ಧ ಕನ್ನಡದಲ್ಲಿ ಕೇಳಿದ. ನಮ್ಮಕ್ಕನಂತೂ ಮೊಮ್ಮಗಳನ್ನು ಎಲ್ಲಿಗೆ ಸೇರಿಸಬೇಕೆಂದು ದಿನಾ ಬೆಳಗ್ಗೆ ಫೋನ್ ಮಾಡಿ ನನ್ನ ಜೀವ ತಿನ್ನುತ್ತಿದ್ದಳು. "ಊರಲ್ಲಿರೋ ಶಾಲೆಯೆಲ್ಲಾ ಸುತ್ತುತೀಯ, ಇಷ್ಟು ಹೇಳಕ್ಕಾಗಲ್ವೇನೆ ನಿಂಗೆ?" ಎನ್ನುತ್ತಿದ್ದಳು.

ನನಗೆ ರೇಗುತ್ತಿತ್ತು. ಮಾವಿನಹಣ್ಣೇ ಅದು, ಒತ್ತಿ ನೋಡಿ ಹೇಳುವುದಕ್ಕೆ? ಆದರೆ ನನ್ನ ಕೆಲಸ ಹೆಚ್ಚುಕಡಿಮೆ ಅದೇ ಆಗಿತ್ತು. ಶಿವಾಜಿನಗರದಿಂದ ಕೆ.ಆರ್. ಪುರದ ಆಚೆಯವರೆಗೆ ಸರ್ಕಾರಿ ಶಾಲೆಗೊಂದು ಖಾಸಗಿ ಶಾಲೆಯನ್ನು ಜೋಡಿ ಮಾಡಿ, ಎರಡರಲ್ಲೂ ನಾಲ್ಕನೇ ತರಗತಿಯ ಮಕ್ಕಳ ಕೈಲಿ ಒಂದು ಪುಟ್ಟ ಕಥೆ ಓದಿಸಿ, ಯಾರು ಹೇಗೆ ಓದಿದರು ಎಂದು ಬರೆದುಕೊಂಡು ಬರಬೇಕಿತ್ತು. ಕಥೆ ಎರಡೂ ಕಡೆ ಒಂದೇ. ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ, ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಇಂಗ್ಲಿಷಿನಲ್ಲಿ.

ಒಬ್ಬ ಹುಡುಗಿಯ ಮೇಕೆ ಸಂಜೆ ಹೊತ್ತಿಗೆ ಕಾಣೆಯಾಗುತ್ತದೆ. ಅವಳು ಹುಡುಕುತ್ತಾ ಹಳ್ಳದ ದಂಡೆಗೆ ಬರುತ್ತಾಳೆ. ಕತ್ತಲಾಗುತ್ತಿರುತ್ತದೆ. ಆಚೆ ದಡದಿಂದ ಗಂಟೆಯ ಸದ್ದು ಕೇಳಿಸುತ್ತದೆ. ಅಷ್ಟೇ. ಹಾಳೆ ಅಲ್ಲಿಗೆ ಮುಗಿಯುತ್ತದೆ. ಓದುವುದನ್ನು ಅಳೆಯಲು ಅಷ್ಟು ಸಾಕು ಎಂದು ಸಮೀಕ್ಷೆ ನಡೆಸುವ ನಮ್ಮ ಆಫೀಸಿನವರು ಅಲ್ಲಿಗೇ ಕತ್ತರಿಸಿದ್ದರು.

ಆ ಮೇಕೆಯನ್ನು ಎಷ್ಟು ಮಕ್ಕಳ ಬಾಯಲ್ಲಿ ಕೇಳಿದೆನೋ, ಕೊನೆಕೊನೆಗೆ ಅದು ನನ್ನ ಹಿಂದೆಯೇ ಓಡಾಡುತ್ತಿತ್ತು. ಬೆಳಗ್ಗೆ ಹಲಸೂರಿನಲ್ಲಿ ಮೆಟ್ರೋ ಹತ್ತಿ ಕಿಟಕಿಗೆ ತಲೆ ಆನಿಸಿದರೆ ಇಂದಿರಾನಗರದ ಮರಗಳ ತಲೆ, ಬೈಯಪ್ಪನಹಳ್ಳಿಯ ಹಳಿಗಳು, ಕೆ.ಆರ್. ಪುರದ ಸೇತುವೆಯ ತಂತಿಗಳು ಎಲ್ಲ ಒಂದರೊಳಗೊಂದು ಕರಗಿ ಹೋಗುತ್ತಿದ್ದವು. ತೂಕಡಿಕೆಯಲ್ಲಿ ಎಲ್ಲೋ ಗಂಟೆ ಕೇಳಿಸುತ್ತಿತ್ತು. ಕಣ್ಣು ಬಿಟ್ಟರೆ ಮುಂದಿನ ನಿಲ್ದಾಣದ ಹೆಸರು ಹೇಳುತ್ತಿರುತ್ತಿದ್ದರು.

ಶಾಲೆಗಳೂ ಹಾಗೆಯೇ ಕಲಸಿಹೋಗಿದ್ದವು. ಮೊದಮೊದಲು ನಾನು ಗೇಟಿನಲ್ಲೇ ಹೇಳಿಬಿಡುತ್ತಿದ್ದೆ. ಪ್ರೈವೇಟಾದರೆ ಕಿರಿದಾದ ನಿವೇಶನದ ಮೇಲೆ ನಾಲ್ಕು ಅಂತಸ್ತು, ಮೆಟ್ಟಿಲಿಗೆಲ್ಲ ಗ್ರಿಲ್ಲು, ಆಫೀಸ್ ರೂಮಿನಲ್ಲಿ ಮೀನಿನ ತೊಟ್ಟಿ, ಫಿನಾಯಿಲ್ ವಾಸನೆ, ಕುತ್ತಿಗೆಗೆ ಟೈ ಬಿಗಿದುಕೊಂಡು ಒಂದೇ ಉಸಿರಿಗೆ ಗುಡ್ ಮಾರ್ನಿಂಗ್ ಎಳೆಯುವ ಮಕ್ಕಳು. ಸರ್ಕಾರಿಯಾದರೆ ಅಂಗಳ, ಹೊಂಗೆ ಮರ, ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತ ಎರಡು ಮೂರು ತರಗತಿಗಳು, ಹತ್ತೂವರೆಯಿಂದಲೇ ಮೂಗಿಗೆ ಬಡಿಯುವ ಸಾರಿನ ಒಗ್ಗರಣೆ. ಆದರೆ ಬೆಂಚಿನ ಮೇಲೆ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಕಿವಿಗೊಟ್ಟರೆ ಗೇಟು ಮರೆತುಹೋಗುತ್ತಿತ್ತು. ಮೀನಿನ ತೊಟ್ಟಿಯ ಶಾಲೆಯಲ್ಲೂ ಅಕ್ಷರಕ್ಕೆ ಅಕ್ಷರ ಅಂಟಿಸಲಾಗದೆ ಬೆವರುವವರಿದ್ದರು. ಹೊಂಗೆ ಮರದ ಶಾಲೆಯಲ್ಲೂ ನೀರು ಕುಡಿದ ಹಾಗೆ ಓದಿ ಮುಗಿಸಿ, ಮುಗೀತಾ, ಹೋಗ್ಲಾ ಎಂದು ಆಟಕ್ಕೆ ಓಡುವವರಿದ್ದರು. ಉಲ್ಟಾ ಕೂಡ ಅಷ್ಟೇ ಸಿಗುತ್ತಿತ್ತು.

ನಾನೂ ಸರ್ಕಾರಿ ಶಾಲೆಯವಳೇ. ಹಲಸೂರು ಕೆರೆಯ ಈಚೆ ಹೆಂಚಿನ ಮಾಡಿನ ಕನ್ನಡ ಶಾಲೆ. ಬೆಂಚಿನ ಈಚೆ ನಾನು, ಆಚೆ ಮನೆಯಲ್ಲಿ ತಮಿಳು ಮಾತಾಡುವವಳು, ಹಿಂದೆ ಶಿವಾಜಿನಗರದಿಂದ ಬರುವ ಉರ್ದು ಮಾತಿನ ಇಬ್ಬರು. ಊಟವಾದ ಮೇಲೆ ನಮ್ಮ ಟೀಚರು ಎಲ್ಲರಿಗೂ ಬೆಂಚಿನ ಮೇಲೆ ತಲೆ ಇಟ್ಟು ಮಲಗಲು ಹೇಳಿ, ತಾವೊಬ್ಬರೇ ಗಟ್ಟಿಯಾಗಿ ಕಥೆ ಓದುತ್ತಿದ್ದರು. ಕಣ್ಣು ಮುಚ್ಚಿದರೆ ಮರದ ವಾಸನೆ, ಅವರ ದನಿ, ಕೆರೆ ಕಡೆಯಿಂದ ಬರುವ ಗಾಳಿ. ನಾನು ಕಲಿತದ್ದೆಲ್ಲ ಆ ಅರೆನಿದ್ದೆಯಲ್ಲೇ ಎಂದು ಈಗಲೂ ಅನ್ನಿಸುತ್ತದೆ. ಮಧ್ಯಾಹ್ನದ ಶಾಲೆ ಎಂದರೆ ನನಗೆ ಇವತ್ತಿಗೂ ಮೈ ಸಡಿಲವಾಗುತ್ತದೆ.

ಗರುಡಾಚಾರ್‌ಪಾಳ್ಯದ ಜೋಡಿ ಶಾಲೆಗಳಿಗೆ ನಾನು ಹೋದದ್ದು ನಾಗರಪಂಚಮಿಯ ವಾರ. ನಮ್ಮ ಕಡೆ ಪಂಚಮಿ ಎಂದರೆ ಹುತ್ತಕ್ಕೆ ಹಾಲೆರೆದು, ತಂಬಿಟ್ಟು ತಿಂದರೆ ಮುಗಿಯಿತು. ಆ ಗಲ್ಲಿಗಳಲ್ಲಿ ಒಂದೊಂದು ಕೋಣೆ ಬಾಡಿಗೆಗೆ ಹಿಡಿದಿರುವ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರಿಗೆ ಹಾಗಲ್ಲ. ಅದು ತವರಿಗೆ ಹೋಗುವ ಹಬ್ಬ. ಹೆಣ್ಣುಮಕ್ಕಳು ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ರೈಲು ಹತ್ತಿದರೆ ಜೋಕಾಲಿ ಆಡಿ, ಉಂಡಿ ತಿಂದು, ಮನಸ್ಸು ಬಂದಾಗ ವಾಪಸು. ಇದು ಆಫೀಸಿನಲ್ಲಿ ದಿನ ಗೊತ್ತುಮಾಡಿದವರ ತಲೆಗೆ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಬೆಳಗ್ಗೆ ಪ್ರೈವೇಟ್ ಶಾಲೆ. ಕೋಣೆ ಸಾಲದೆ ಅವರು ಚಿಕ್ಕ ತರಗತಿಗಳಿಗೆ ಬೆಳಗ್ಗೆ, ದೊಡ್ಡವರಿಗೆ ಮಧ್ಯಾಹ್ನ ಪಾಠ ಇಟ್ಟುಕೊಂಡಿದ್ದರು. ನಾಲ್ಕನೇ ತರಗತಿಯ ಟೀಚರು ಚಿಕ್ಕ ವಯಸ್ಸಿನವಳು, ಕೂಗಿ ಕೂಗಿ ಗಂಟಲು ಒಡೆದುಹೋಗಿತ್ತು. ಆದರೂ ಓದಲು ಹೆದರುವ ಮಗುವಿನ ಬೆನ್ನ ಮೇಲೆ ಕೈ ಇಟ್ಟುಕೊಂಡೇ ನಿಲ್ಲುತ್ತಿದ್ದಳು. ಅವಳು ಹಾಗೆ ಕೈ ಇಟ್ಟು ನನ್ನ ಹತ್ತಿರ ಕಳಿಸಿದವರಲ್ಲಿ ಒಬ್ಬ ಹುಡುಗಿ, ಓದುವಾಗ ಎಡಗಿವಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಳ್ಳುತ್ತಿದ್ದಳು. ಇನ್ನೊಂದು ಕೈಯ ಬೆರಳು ಸಾಲಿನ ಕೆಳಗೆ ನಡೆಯುತ್ತಿತ್ತು. ಇಂಗ್ಲಿಷಿನ ಒಂದೊಂದೇ ಶಬ್ದವನ್ನು ಚಳಿನೀರಿಗೆ ಕಾಲಿಡುವಂತೆ ಮುಟ್ಟಿ ಮುಟ್ಟಿ ಓದಿದಳು. ದನಿ ನನಗೇ ಕೇಳಿಸುತ್ತಿರಲಿಲ್ಲ. ಗಂಟೆಯ ಸದ್ದಿನ ತನಕ ಬಂದು, ಬೆರಳು ಎತ್ತಿ, ನನ್ನ ಮುಖ ನೋಡಿ ಎದ್ದು ಹೋದಳು. ಏನು ಓದಿದೆ ಎಂದು ಕೇಳಿದರೆ ಅವಳಿಗೆ ಗೊತ್ತಿರುತ್ತಿರಲಿಲ್ಲ ಎಂದು ನನಗೆ ಖಾತ್ರಿಯಿತ್ತು. 'ತಡವರಿಸುತ್ತಾಳೆ' ಎಂಬ ಕಡೆ ಗುರುತು ಹಾಕಿದೆ.

ಮಧ್ಯಾಹ್ನ ಹೋಟೆಲಿನಲ್ಲಿ ಮುದ್ದೆ ಉಂಡೆ. ಕೆಲಸವಿದ್ದ ದಿನ ಮುದ್ದೆ ಉಣ್ಣಬಾರದು ಎಂದು ಎಷ್ಟು ಸಲ ಅಂದುಕೊಂಡರೂ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಹೊರಗೆ ಮೋಡ ಕವಿದು, ಮಳೆಯೂ ಬಾರದೆ ಬಿಸಿಲೂ ಇಲ್ಲದೆ, ಗೋಡೌನುಗಳ ಸಂದಿಯಲ್ಲಿ ಒಂದು ಥರಾ ಹಳದಿ ಬೆಳಕು ತುಂಬಿತ್ತು. ಯಾವುದೋ ಕಾರ್ಖಾನೆಯ ಯಂತ್ರ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ನಿದ್ದೆಯಲ್ಲೇ ನಡೆದಂತೆ ಎರಡು ಗಲ್ಲಿ ದಾಟಿ ಸರ್ಕಾರಿ ಶಾಲೆಯ ಗೇಟು ತಳ್ಳಿದೆ.

ಊಟ ಆಗಷ್ಟೇ ಮುಗಿದಿತ್ತು. ಮಕ್ಕಳು ತಟ್ಟೆ ತೊಳೆದು ಕಿಟಕಿಯ ಮೇಲೆ ಸಾಲಾಗಿ ಒರಗಿಸಿದ್ದರು. ಐವತ್ತು ದಾಟಿದ ಹೆಡ್ ಮೇಡಂ, ಹೊಸಕೋಟೆ ಕಡೆಯವರು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನನ್ನನ್ನು ಕೂರಿಸಿದರು. ನಾನು ಆಫೀಸಿನವರು ಹಾಜರಿ ನೋಡಿ ಮೊದಲೇ ಆರಿಸಿದ್ದ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತಾ ಹೋದೆ. ಒಬ್ಬೊಬ್ಬರಾಗಿ ಬಂದು ಮೇಕೆಯನ್ನು ಹುಡುಕಿ ಹೋದರು. ನನಗೆ ಕಣ್ಣು ಎಳೆಯುತ್ತಿತ್ತು. ಆಮೇಲೆ ಒಂದು ಹೆಸರಿಗೆ ಎದ್ದು ಬಂದ ಹುಡುಗಿ ಪಕ್ಕದಲ್ಲಿ ಕೂತು, ಸಾಲಿನ ಕೆಳಗೆ ಬೆರಳಿಟ್ಟು, ಎಡಗಿವಿಯ ತುದಿ ಹಿಡಿದುಕೊಂಡಳು.

ಕನಸು ಅಂದುಕೊಂಡೆ. ನಿಜವಾಗಿಯೂ. ಕಣ್ಣು ಉಜ್ಜಿಕೊಂಡು ನೋಡಿದರೆ ಅದೇ ಕಿವಿ, ಅದೇ ಬೆರಳು. ಅಂಗಿ ಮಾತ್ರ ಸರ್ಕಾರಿ ಶಾಲೆಯ ನೀಲಿ. ಅವಳಿಜವಳಿ ಇರಬಹುದು ಅಂದುಕೊಂಡು ಕೆಳಗೆ ನೋಡಿದೆ. ಕಾಲಲ್ಲಿ ಬೆಳಗಿನ ಶಾಲೆಯ ಕೆಂಪು ಪಟ್ಟಿಯ ಕಾಲುಚೀಲ. ಅವಳೂ ನಾನು ನೋಡಿದ್ದನ್ನು ನೋಡಿದಳು. ಪಾದಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡಳು. ಆಮೇಲೆ ಓದಲು ಶುರುಮಾಡಿದಳು.

ಅಂಥ ಓದು ನಾನು ಆ ಮಳೆಗಾಲದಲ್ಲಿ ಇನ್ನೆಲ್ಲೂ ಕೇಳಲಿಲ್ಲ. ಗಟ್ಟಿಯೂ ಅಲ್ಲ, ಬೇಗವೂ ಅಲ್ಲ. ಮೇಕೆ ಕಾಣೆಯಾದಲ್ಲಿ ದನಿ ತಗ್ಗಿತು. ಹಳ್ಳದ ದಂಡೆಗೆ ಬಂದಾಗ ನಿಂತು ಸುತ್ತ ನೋಡಿದಳು. ಗಂಟೆ ಕೇಳಿಸಿದಾಗ ತಲೆ ಎತ್ತಿ ಕಿಟಕಿಯ ಕಡೆ ಕಿವಿಗೊಟ್ಟಳು. ನಾನೂ ಕೊಟ್ಟೆ. ಹಿಂದಿನ ಸಾಲಿನ ಹುಡುಗರೂ ಗಲಾಟೆ ನಿಲ್ಲಿಸಿದ್ದರು. ಹೆಂಚಿನ ಮಾಡು, ಟೀಚರ ದನಿ, ಕೆರೆಯ ಗಾಳಿ ಎಲ್ಲ ಒಂದು ಗಳಿಗೆ ನನ್ನ ಸುತ್ತ ಬಂದು ನಿಂತವು.

"ಮುಂದ ಏನಾತ್ರಿ?" ಎಂದಳು.

"ಅಷ್ಟೇ ಕಣಮ್ಮ, ಮುಗೀತು."

"ಆಡು ಸಿಕ್ತೇನ್ರಿ?"

ಎಷ್ಟೋ ಮಕ್ಕಳು ಓದಿದ್ದರು, ಟೈ ಕಟ್ಟಿದವರು, ಕಟ್ಟದವರು. ಮೇಕೆ ಸಿಕ್ಕಿತೇ ಎಂದು ಕೇಳಿದವಳು ಇವಳೊಬ್ಬಳೇ. ನನ್ನ ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಗೊತ್ತಿಲ್ಲ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ.

ಹೆಡ್ ಮೇಡಂ ಮಕ್ಕಳನ್ನು ಆಟಕ್ಕೆ ಬಿಟ್ಟರು. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು, ನನಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಗಿತ್ತು. ನಾನೇ ಜಗಳಕ್ಕೆ ನಿಂತೆ.

"ಈ ಮಗು ನಿಮ್ಮ ಶಾಲೇದಲ್ಲ. ಬೆಳಗ್ಗೆ ನಾನೇ ಇವಳ ಹತ್ರ ಓದಿಸಿದೀನಿ. ಇನ್ನೊಬ್ಬಳ ಹೆಸರಿಗೆ ಇವಳನ್ನ ಯಾಕೆ ಕಳಿಸಿದ್ರಿ?"

"ಆ ಹುಡುಗಿ ಪಂಚಮಿಗೆ ಅವರಮ್ಮನ ಜೊತೆ ಊರಿಗೆ ಹೋಗಿದ್ದಾಳೆ ಮೇಡಂ," ಎಂದರು ತಗ್ಗಿದ ದನಿಯಲ್ಲಿ. "ಮಕ್ಕಳು ಕಮ್ಮಿ ಅಂತ ನೀವು ಬರ್ಕೊಂಡು ಹೋದ್ರೆ, ಈ ಶಾಲೇನ ಮುಚ್ಚಿ ಬೇರೆ ಸರ್ಕಾರಿ ಶಾಲೆಗೆ ಸೇರಿಸಿಬಿಡ್ತಾರೇನೋ ಅಂತ ಭಯ ಆಯ್ತು. ಇವಳು ಕೂತಿದ್ದಳು. ಎದ್ದೋಗೇ ಅಂದೆ. ತಪ್ಪಾಯ್ತು."

"ಕೂತಿದ್ದಳು ಅಂದ್ರೆ? ಯಾಕೆ ಕೂತಿದ್ದಳು ಇಲ್ಲಿ?"

ಆಗ ಹೇಳಿದರು. ಹುಡುಗಿಯ ತಾಯಿ ಹತ್ತಿರದ ಟೆಕ್ ಆಫೀಸಿನಲ್ಲಿ ಹೌಸ್‌ಕೀಪಿಂಗು, ತಂದೆ ಕಟ್ಟಡದ ಕೆಲಸ. ಇಬ್ಬರೂ ಬರುವುದು ಸಂಜೆ. ಮಗಳಿಗೆ ಇಂಗ್ಲಿಷ್ ಬರಲೇಬೇಕು ಎಂದು ತಾಯಿ ಹಟ ಹಿಡಿದು ಅವಳನ್ನು ಅಲ್ಲಿ ಸೇರಿಸಿದ್ದಾಳೆ. ಅವಳ ತಮ್ಮನನ್ನೂ ಅಲ್ಲೇ ಓದಿಸಲು ದುಡ್ಡು ಸಾಲಲಿಲ್ಲ, ಅವನು ಇಲ್ಲಿ ಎರಡನೇ ತರಗತಿ. ಬೆಳಗಿನ ಶಾಲೆ ಬಿಟ್ಟರೆ ಈ ಮಗುವಿಗೆ ಹೋಗಲು ಮನೆಯಿಲ್ಲ. ಬಾಗಿಲಿಗೆ ಬೀಗ. ಮೊದಲು ತಮ್ಮನಿಗಾಗಿ ಗೇಟಿನ ಹೊರಗೆ ಕಾಯುತ್ತಿದ್ದಳಂತೆ, ಲಾರಿಗಳು ತಿರುಗುವ ಜಾಗದಲ್ಲಿ.

"ಒಳಗೆ ಬಾರೇ ಅಂದೆ. ಬಂದಳು. ಅಡುಗೆಯಮ್ಮ ಒಂದು ತಟ್ಟೆ ಇಟ್ಟಳು. ಬೀರುಲಿ ಒಂದು ಜೊತೆ ಬಟ್ಟೆ ಉಳಿದಿತ್ತು, ಬೇರೆ ಮಕ್ಕಳು ಆಡ್ಕೋಬಾರ್ದು ಅಂತ ಹಾಕಿಸಿದೆ. ಸುಮ್ನೆ ಕೂತಿರ್ತೀಯಾ, ಓದು ಅಂದೆ. ಏನ್ ಮಾಡ್ಲಿ ಹೇಳಿ ನೀವೇ."

ನಾನು ಹಾಳೆಗಳನ್ನು ಜೋಡಿಸಿಕೊಂಡೆ. ನನ್ನ ಕೋಪ ಎಲ್ಲಿ ಇಳಿಯಬೇಕೆಂದು ಗೊತ್ತಾಗಲಿಲ್ಲ. ನಮ್ಮ ನಿಯಮ ಸ್ಪಷ್ಟವಾಗಿತ್ತು. ಒಂದು ಮಗುವಿನ ಬದಲು ಇನ್ನೊಂದನ್ನು ಕೂರಿಸಿದ್ದು ಕಂಡರೆ ಬರೆಯಬೇಕು. ಬರೆದರೆ ಈ ಮೇಡಂ ಮೇಲಿನವರಿಗೆ ಉತ್ತರ ಕೊಡಬೇಕು. ಹಾಜರಿಯಲ್ಲಿ ಹೆಸರಿಲ್ಲದ ಮಗುವನ್ನು ಇಟ್ಟುಕೊಂಡದ್ದೇಕೆ, ಉಣ್ಣಿಸಿದ್ದೇಕೆ ಎಂದು ಕೇಳುತ್ತಾರೆ. ಮಾರನೇ ದಿನದಿಂದ ಹುಡುಗಿ ಮತ್ತೆ ಗೇಟಿನ ಆಚೆ. ಬೆಳಗಿನ ಶಾಲೆಯವರಿಗೆ ಗೊತ್ತಾದರೆ ಅಲ್ಲೂ ಗಲಾಟೆ, ನಮ್ಮ ಶಾಲೆಯ ಮಗು ಅಲ್ಲಿ ಹೋಗಿ ಉಣ್ಣುವುದೇ ಎಂದು.

"ಬರೀತೀರಾ ಮೇಡಂ?" ಎಂದರು.

"ಗೊತ್ತಿಲ್ಲ ರೀ," ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

ಬಾಗಿಲ ಬಳಿ ಹುಡುಗಿ ತಮ್ಮನ ಕೈ ಹಿಡಿದು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ. ಕಿವಿ ಹಿಡಿದುಕೊಂಡಿದ್ದಳು. ನಾನು ದಾಟುವಾಗ, "ನಾ ಛಲೋ ಓದಿದ್ನಲ್ರಿ?" ಎಂದಳು. ಹೇಳಬೇಡಿ ಎಂದು ಬೇಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳ ಆಸೆ ಬೇರೆಯೇ ಇತ್ತು. ಆ ಓದನ್ನು ಅವಳು ಈ ಶಾಲೆಗೆ ಕೊಡಲು ಬಂದಿದ್ದಳು. ತಟ್ಟೆ ಇಟ್ಟವರಿಗೆ, ಒಳಗೆ ಬಾ ಎಂದವರಿಗೆ ಕೊಡಲು ಅವಳ ಹತ್ತಿರ ಇದ್ದದ್ದು ಅದೊಂದೇ.

"ತುಂಬಾ ಚೆನ್ನಾಗಿ ಓದಿದೆ," ಎಂದೆ.

ವಾಪಸು ಬರುವಾಗ ಮೆಟ್ರೋದಲ್ಲಿ ಮಾರತ್ತಹಳ್ಳಿ, ಹೊರಮಾವು ಎಂದು ಎಲ್ಲೆಲ್ಲಿಗೋ ಹೋಗುವವರು ಫೋನಿಗೆ ಮುಖ ಹುದುಗಿಸಿ ತೂಗಾಡುತ್ತಿದ್ದರು. ಕೆಳಗೆ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ಒಂದೊಂದು ದೀಪದ ಕೆಳಗೂ ಯಾರೋ ಬೀಗ ತೆಗೆಯುತ್ತಿದ್ದಾರೆ ಅನ್ನಿಸಿತು. ಹಲಸೂರು ಬರುವ ಮೊದಲೇ ಹಾಳೆ ತೆಗೆದು, ಅವಳ ಓದನ್ನು ಬರೆದಿದ್ದ ಸಾಲಿಗೆ ಅಡ್ಡಗೆರೆ ಎಳೆದೆ. 'ಗೈರುಹಾಜರಿ' ಎಂದು ಬರೆದೆ. ಆ ಹೆಸರಿನ ಹುಡುಗಿ ನಿಜಕ್ಕೂ ಗೈರುಹಾಜರಿ, ಎಲ್ಲೋ ಯಾದಗಿರಿ ಕಡೆ ಜೋಕಾಲಿ ಆಡುತ್ತಿದ್ದಳು. ಕೆಳಗೆ 'ಬೇರೇನಾದರೂ ಹೇಳುವುದಿದೆಯೇ' ಎಂಬಲ್ಲಿ ಏನೂ ಬರೆಯಲಿಲ್ಲ. ಅದಕ್ಕಾಗಿ ನನಗೆ ಇವತ್ತಿಗೂ ಒಂದು ಚೂರೂ ಬೇಜಾರಿಲ್ಲ.

ಬೇಜಾರು ಇನ್ನೊಂದಕ್ಕೆ. ಬೆಳಗಿನ ತಡವರಿಕೆ ಹಾಗೇ ಉಳಿಯಿತು, ಅದು ನಿಯಮದ ಪ್ರಕಾರ ಸರಿಯಾಗಿತ್ತು. ಮಧ್ಯಾಹ್ನದ ಓದು ಎಲ್ಲೂ ಇಲ್ಲದಂತಾಯಿತು. ಲೆಕ್ಕದಲ್ಲಿ ಅವಳು ಓದಲು ಬಾರದ ಹುಡುಗಿ.

ಆಫೀಸಿನಲ್ಲಿ ಕಂಪ್ಯೂಟರಿಗೆ ಏರಿಸುವ ಹುಡುಗ ಹಾಳೆ ತಿರುವಿ, "ಇಲ್ಲೊಂದು ಹೊಡೆದಾಕಿದೀರಲ್ಲ ಮೇಡಂ?" ಎಂದ.

"ಪಂಚಮಿ ಅಲ್ವಾ ಮಗಾ, ಊರಿಗೆ ಹೋಗಿದ್ದಾರೆ."

"ಯಾವ ಪಂಚಮಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ಹಾಳೆಗೆ ಹೋದ.

ಕೊನೆಗೆ ಎರಡು ಥರದ ಶಾಲೆಗಳ ನಡುವೆ ಕೂದಲೆಳೆಯ ಅಂತರ ಬಂತು. ಆಫೀಸಿನವರು ಅಂಕಿಅಂಶದ ಬಣ್ಣಬಣ್ಣದ ಕಂಬಗಳನ್ನು ಗೋಡೆಯ ಮೇಲೆ ತೋರಿಸಿ ಗಂಭೀರವಾಗಿ ಮಾತಾಡಿದರು. ನಾನು ಹಿಂದೆ ಕೂತು, ಒಂದು ಕಂಬದೊಳಗೆ ಮಾತ್ರ ಸಿಕ್ಕಿಕೊಂಡಿರುವ ಆ ಹುಡುಗಿಯನ್ನು ನೆನೆದು ತೂಕಡಿಸಿದೆ. ನಮ್ಮಕ್ಕ ಫೋನ್ ಮಾಡಿ, ಈಗಲಾದ್ರೂ ಹೇಳೇ ಎಂದಳು. "ಮಗು ಗಟ್ಟಿಯಾಗಿ ಓದೋ ಕಡೆ ಸೇರಿಸು," ಎಂದೆ. "ಅದೆಲ್ಲಿದೆ?" ಎಂದಳು. "ಹೋಗಿ ಕೇಳು," ಎಂದೆ. ನಾಲ್ಕು ದಿನ ಮಾತು ಬಿಟ್ಟಳು, ನನಗೂ ಕೊಂಚ ನೆಮ್ಮದಿಯಾಯಿತು.

ದೀಪಾವಳಿ ಕಳೆದ ಮೇಲೆ, ಸಹಕರಿಸಿದ ಶಾಲೆಗಳಿಗೆ ನಮ್ಮವರು ಒಂದೊಂದು ಕಟ್ಟು ಕಥೆಪುಸ್ತಕ ಕಳಿಸಿದರು. ಗರುಡಾಚಾರ್‌ಪಾಳ್ಯಕ್ಕೆ ನಾನೇ ಹೋಗುತ್ತೇನೆ ಎಂದೆ. ಬೆಳಗಿನ ಶಾಲೆಯ ಗಂಟಲು ಒಡೆದ ಟೀಚರಿಗೆ ಒಂದು ಕಟ್ಟು ಕೊಟ್ಟೆ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಅಲ್ಲೇ ನಿಂತು ಒಂದು ಪುಸ್ತಕ ತೆರೆದು ಓದತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಕಟ್ಟು ಹೊತ್ತು ಎರಡು ಗಲ್ಲಿ ದಾಟಿದೆ. ಚಳಿಗಾಲದ ತೆಳು ಬಿಸಿಲು, ಅದೇ ಯಂತ್ರದ ಗುಂಯ್‌ಗುಡುವಿಕೆ. ಗೇಟು ತಳ್ಳುತ್ತಲೇ ಅಂಗಳದಲ್ಲೆಲ್ಲ ಕಣ್ಣಾಡಿಸಿದೆ. ಹುಡುಗಿ ಇಲ್ಲದಿದ್ದರೆ?

ಇದ್ದಳು. ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ತನ್ನದೂ ತಮ್ಮನದೂ ತಟ್ಟೆ ತೊಳೆಯುತ್ತಿದ್ದಳು. ನೀಲಿ ಅಂಗಿ, ಕೆಂಪು ಪಟ್ಟಿಯ ಕಾಲುಚೀಲ. ನನ್ನನ್ನು ಕಂಡು ಎದ್ದು ನಿಂತಳು, ಒದ್ದೆ ಕೈಯಲ್ಲೇ ಕಿವಿ ಹಿಡಿದುಕೊಂಡಳು.

"ಮೇಡಂ, ನಾ ಓದಿದ್ದು ಬರಕೊಂಡ್ರೇನ್ರಿ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಇಲ್ಲ ಕಣಮ್ಮ. ಬರ್ಕೊಂಡಿದ್ರೆ ನೀನು ಇಲ್ಲಿರೋದು ಎಲ್ಲರಿಗೂ ಗೊತ್ತಾಗ್ತಿತ್ತು. ಆದ್ರೆ ನಾನು ಕೇಳಿಸ್ಕೊಂಡಿದೀನಿ. ಮರೆತಿಲ್ಲ."

ಅವಳ ಮುಖ ಸಪ್ಪಗಾಯಿತು. ಸ್ವಲ್ಪ ಹೊತ್ತು ತಟ್ಟೆಯಿಂದ ನೀರು ತೊಟ್ಟಿಕ್ಕುವುದನ್ನೇ ನೋಡಿದಳು. ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಕಟ್ಟು ಬಿಚ್ಚಿ ಒಂದು ಪುಸ್ತಕ ಕೊಟ್ಟೆ. ಅದನ್ನು ತಿರುಗಿಸಿ ನೋಡಿ, ಹಿಂದಿನ ಪುಟಕ್ಕೆ ಹೋಗಿ, ಅಲ್ಲಿ ಕಥೆ ಮುಗಿದಿದೆ ಎಂದು ಖಾತ್ರಿ ಮಾಡಿಕೊಂಡಳು.

"ಆ ಆಡಿಂದು ನನಗ ಗೊತ್ತಾತ್ರಿ," ಎಂದಳು ಆಮೇಲೆ.

"ಹೌದಾ? ಸಿಕ್ತಾ?"

"ಅದು ಕಳದಿರಲಿಲ್ರಿ. ತಾನಾ ಮನಿಗಿ ಬಂದಿತ್ತು. ಬಾಗಲಿಗಿ ಕೀಲಿ ಹಾಕಿತ್ರಿ."

ಒಳಗೆ ಹೆಡ್ ಮೇಡಂ ಮಕ್ಕಳನ್ನು ಕೂರಿಸುತ್ತಿದ್ದರು. ಅವಳು ಒಂದು ಹೆಜ್ಜೆ ಹತ್ತಿರ ಬಂದು, ದನಿ ತಗ್ಗಿಸಿ, ಕಥೆಯ ಉಳಿದದ್ದನ್ನು ಹೇಳಿದಳು.

"ಅದಕ ಬಾಜೂ ಮನ್ಯಾಗ ಹೋಗಿ ಕುಂತದ್ರಿ. ಯಾರಿಗೂ ಹೇಳಬ್ಯಾಡ್ರಿ."